ದಿಲ್ಶಾದಳ ಇಂಗ್ಲಿಷ್ ಸಬಕ್

ಬಾಳ್ಳುಪೇಟೆಯ ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಹಾಕುವ ಅನ್ಸಾರನ ಹೆಂಡತಿ ದಿಲ್ಶಾದ್ ಉರ್ದು ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಎರಡು ಸಾವಿರದ ಒಂದರಲ್ಲಿ ಊರಿನ ಹೊಸ ನರ್ಸರಿ ಶಾಲೆಗೆ ಆಯಾ ಬೇಕಾಗಿತ್ತು. ಎಸ್ಟೇಟಿನವರ ಮಕ್ಕಳು ಅಳುವುದೂ ಇಂಗ್ಲಿಷಿನಲ್ಲೇ ಆಗಬೇಕು ಎನ್ನುವ ಕಾಲ ಅದು. ಆಯಾಗೂ ನಾಲ್ಕು ಮಾತು ಬರಲೇಬೇಕೆಂದು ಹೆಡ್‌ಮಿಸ್ ರಾಜಲಕ್ಷ್ಮಮ್ಮ ಹೇಳಿಬಿಟ್ಟಿದ್ದರು. ಕೆಲಸ ಸಿಕ್ಕಿದರೆ ಮಗಳು ನಾಜ್ನೀನಳಿಗೆ ಅಲ್ಲೇ ಸೀಟು, ಇಲ್ಲದಿದ್ದರೆ ಇಲ್ಲ. ಈ ಯೋಚನೆಯಲ್ಲಿ ದಿಲ್ಶಾದಳಿಗೆ ಊಟ ಸೇರುತ್ತಿರಲಿಲ್ಲ.

ಅನ್ಸಾರ್ ಲಾರಿಯವರಿಗೆ ಹೇಳಿ ಬೆಂಗಳೂರಿನ ಶಿವಾಜಿನಗರದಿಂದ ಒಂದು ಪುಸ್ತಕ ತರಿಸಿದ. ಇಂಗ್ಲಿಷ್ ಪದ, ಪಕ್ಕದಲ್ಲಿ ಉರ್ದು ಅರ್ಥ, ಕೆಳಗೆ ಬಳಸುವ ಬಗೆಗೊಂದು ವಾಕ್ಯ. ದಿಲ್ಶಾದಳಿಗೆ ಗೊತ್ತಿದ್ದುದು ಒಂದೇ ಓದು: ಚಿಕ್ಕಂದಿನಲ್ಲಿ ಮದರಸದ ಗುರು ಹಜರತ್ತರ ಮುಂದೆ ಮೈ ತೂಗುತ್ತಾ, ರಾಗವಾಗಿ ಸಬಕ್, ಅಂದರೆ ಪಾಠ, ಒಪ್ಪಿಸಿದ ಓದು. ಪಾತ್ರೆ ತಿಕ್ಕುವಾಗಲೂ 'ಹಂಗ್ರಿ, ಭೂಕಾ, ದಿ ಬಾಯ್ ಈಸ್ ಹಂಗ್ರಿ' ಎಂದು ತೂಗಿದಳು. ಇಡೀ ಪಾಠ ನೀರು ಕುಡಿದಷ್ಟು ಸಲೀಸಾಯಿತು. ನಡುವಿನ ಒಂದು ಪದ ಬೇಕೆಂದರೆ ಮೊದಲಿನಿಂದ ಹಾಡಿಕೊಂಡೇ ಬರಬೇಕೆಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಪರೀಕ್ಷೆಯ ದಿನ ರಾಜಲಕ್ಷ್ಮಮ್ಮ ಕೇಳಿದ್ದು ಸುಲಭದ್ದೇ. ಮಗುವಿಗೆ ಬಾಯಾರಿದೆ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಉರ್ದುವಿನ 'ಪ್ಯಾಸಾ' ನಾಲಿಗೆ ತುದಿಗೆ ಬಂತು, ಇಂಗ್ಲಿಷು ಬರಲಿಲ್ಲ. ಬಾಯೊಳಗೇ ಮೊದಲ ಸಾಲಿನಿಂದ ಹಿಡಿದು ಮೈ ತೂಗತೊಡಗಿದಳು. ರಾಜಲಕ್ಷ್ಮಮ್ಮ ಗಡಿಯಾರ ನೋಡಿದರು, ಅವಳನ್ನು ನೋಡಿದರು.

"ಬಾಯಾರಿದ ಮಗು ಇಷ್ಟೊತ್ತು ಕಾಯಲ್ಲ ಕಣಮ್ಮ. ಹೋಗ್ಬಾ."

ಮೆಟ್ಟಿಲಿಳಿಯುವಾಗ ಕಣ್ಣು ಮಂಜಾಗಿತ್ತು. ನಾಜ್ನೀನಳಿಗೆ ಏನು ಹೇಳುವುದು? ಆದರೂ ತುಟಿ ನಿಲ್ಲಲಿಲ್ಲ. ಹಿಡಿದ ಸಬಕನ್ನು ಅರ್ಧಕ್ಕೆ ಬಿಡಬಾರದೆಂದು ಹಜರತ್ತರು ಬೆತ್ತ ಹಿಡಿದು ಕಲಿಸಿದ್ದರು. ಗೇಟಿನ ಹತ್ತಿರ ಆ ಸಾಲು ಬಂದೇಬಿಟ್ಟಿತು. ಎದ್ದೆನೋ ಬಿದ್ದೆನೋ ಎಂದು ವಾಪಸು ಓಡಿದಳು.

"ಥರ್ಸ್ಟಿ, ಪ್ಯಾಸಾ, ದಿ ಚೈಲ್ಡ್ ಈಸ್ ಥರ್ಸ್ಟಿ, ಗಿವ್ ಹಿಮ್ ವಾಟರ್," ಎಂದಳು ಬಾಗಿಲಲ್ಲೇ ನಿಂತು, ಏದುಸಿರು ಬಿಡುತ್ತಾ.

ರಾಜಲಕ್ಷ್ಮಮ್ಮ ತಲೆಯೆತ್ತಿ, ಮಗು ಬಿದ್ದು ಪೆಟ್ಟು ಮಾಡಿಕೊಂಡರೆ ಏನನ್ನುತ್ತೀ ಎಂದು ಕೇಳಿದರು. ದಿಲ್ಶಾದ್ ಕಣ್ಣು ಮುಚ್ಚಿ ಮತ್ತೆ ಮೊದಲಿನಿಂದ ತೂಗತೊಡಗಿದಳು. ರಾಜಲಕ್ಷ್ಮಮ್ಮ ಎದ್ದು ಕುರ್ಚಿಯೊಂದನ್ನು ಅವಳ ಹತ್ತಿರ ಎಳೆದರು.

"ಕೂತ್ಕೊಂಡು ಹುಡುಕಮ್ಮ. ಮಕ್ಕಳು ಬರೋದು ಸೋಮವಾರ, ಇನ್ನೂ ಟೈಮ್ ಐತೆ. ಅವತ್ತು ಬರ್ತಾ ಮಗಳನ್ನೂ ಕರ್ಕೊಂಡು ಬಾ."