ಮಾನ್ವೆಲ್ ಮಿಸ್ತ್ರಿ ಕಳಚಿದ ಕೊಂಡಿ

ಮಾನ್ವೆಲ್ ಮಿಸ್ತ್ರಿ ನಕ್ಕದ್ದನ್ನು ಕಂಡವರು ದಾಂಡೇಲಿಯಲ್ಲಿ ಯಾರೂ ಇರಲಿಕ್ಕಿಲ್ಲ. ಹಳಿಯಾಳ ಕಡೆಯ ಒಂದು ಸಿದ್ದಿ ಕೇರಿಯಲ್ಲಿ ಹುಟ್ಟಿದವನು. ಹದಿನಾರಕ್ಕೇ ಒಬ್ಬ ಕಂಟ್ರಾಕ್ಟರನ ಕೈಕೆಳಗೆ ವೆಲ್ಡಿಂಗ್ ಕಲಿತು, ಮೂವತ್ತು ವರ್ಷ ಕಿಡಿ ನೋಡಿ ನೋಡಿ ಅವನ ಕಣ್ಣುಗಳು ಯಾವಾಗಲೂ ನಿದ್ದೆಗೆಟ್ಟವನ ಕಣ್ಣಿನಂತೆ ಕೆಂಪಗಿರುತ್ತಿದ್ದವು. "ಸಾಕಾಗೇತಿ ನೋಡಪಾ" ಅನ್ನುವುದು ಅವನ ಬಾಯಿಪಾಠ. ದಾಂಡೇಲಿಯ ಅವನ ವೆಲ್ಡಿಂಗ್ ಅಂಗಡಿಗೆ ಗಾಡಿ ಬಂದರೂ ಅದೇ ಮಾತು, ಬಾರದಿದ್ದರೂ ಅದೇ ಮಾತು.

ನಾನು ಸಾತಪ್ಪ, ಹಳಿಯಾಳದವನು. ಆ ರಸ್ತೆಗಳಲ್ಲಿ ಹದಿನೈದು ವರ್ಷ ಟೆಂಪೋ ಓಡಿಸಿದ್ದೇನೆ. ಎರಡು ಸಾವಿರದ ಇಸವಿಯ ಆಚೀಚೆ ಹೊಳೆಯಲ್ಲಿ ದೋಣಿ ಹಾರಿಸಲು ಪೇಟೆಯ ಮಂದಿ ಬರತೊಡಗಿದಾಗ ನಮ್ಮ ಜೀಪಿನವರಿಗೆ ಒಂದು ಹುಚ್ಚು ಹತ್ತಿತು. ಮುಂದೆ ಕೋಣ ಗುದ್ದಿದರೂ ಬಾಗದ ಬಂಪರ್, ಮೇಲೆ ಕ್ಯಾರಿಯರ್, ನೆತ್ತಿಯ ಮೇಲೆ ನಾಲ್ಕು ಲೈಟು. ಇರುವ ಬ್ಯಾಟರಿಗೆ ಎರಡು ಲೈಟೇ ಭಾರ, ಆದರೆ ಹೇಳಿದರೆ ಕೇಳುವವರು ಯಾರು? ಮಾನ್ವೆಲ್ ಗೊಣಗುತ್ತಲೇ ಎಲ್ಲವನ್ನೂ ಕೂರಿಸಿಕೊಡುತ್ತಿದ್ದ. ಒಂದೇ ಒಂದು ಕೆಲಸದಲ್ಲಿ ಮಾತ್ರ ಮೊಂಡ. ಅದು ಹಿಂದೆ ಹಾಕುವ ಎಳೆಯುವ ಕೊಂಡಿ.

"ಲೈಟ್ ಬಿದ್ರ ಕತ್ತಲಾಗತೈತಿ. ಕೊಂಡಿ ಬಿದ್ರ ಹೆಣಾ ಬೀಳತೈತಿ" ಅನ್ನುತ್ತಿದ್ದ. ಬಂಪರಿಗೆ ಬೆಸೆದ ಕೊಂಡಿಯನ್ನು ಅವನು ಕೊಂಡಿ ಎಂದೇ ಕರೆಯುತ್ತಿರಲಿಲ್ಲ. ದಪ್ಪ ಪ್ಲೇಟು ಇಟ್ಟು, ಗಾಡಿಯ ಬೆನ್ನೆಲುಬಾದ ಚಾಸಿಗೇ ತೂತು ಕೊರೆದು, ನಾಲ್ಕು ಬೋಲ್ಟು ಬಿಗಿಯಬೇಕು. ಬೇರೆಯವರು ಒಂದು ತಾಸಿನಲ್ಲಿ ಮುಗಿಸುವ ಕೆಲಸಕ್ಕೆ ಇವನಿಗೆ ಒಂದು ದಿನ ಬೇಕಾಗುತ್ತಿತ್ತು.

ಆ ವರ್ಷ ಖಂಡೇನವಮಿಯ ಹಿಂದಿನ ದಿನ ದಾಂಡೇಲಿಯ ಜೈರಾಮ ಕೊಂಡಿ ಹಾಕಿಸಲು ತನ್ನ ಜೀಪು ತಂದು ನಿಲ್ಲಿಸಿದ. ಮಾನ್ವೆಲ್ ಪ್ಲೇಟು ಅಲುಗದಿರಲೆಂದು ಸದ್ಯಕ್ಕೆ ನಾಲ್ಕು ಚುಕ್ಕೆ ಬೆಸುಗೆಯಷ್ಟೇ ಹಾಕಿ ಚಾಸಿಗೆ ಅಂಟಿಸಿದ. ಇನ್ನು ತೂತು ಕೊರೆಯಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಸಂಜೆಯವರೆಗೂ ಬರಲಿಲ್ಲ. ಮರುದಿನ ಕೆಲಸ ಮಾಡುವ ಹಾಗಿಲ್ಲ, ಯಾಕೆಂದರೆ ಖಂಡೇನವಮಿಗೆ ಪಾನಾ ಸುತ್ತಿಗೆಗಳೆಲ್ಲ ಪೂಜೆಗೆ ಕೂರುತ್ತವೆ, ಅವತ್ತು ಮುಟ್ಟಬಾರದು. ಮಾನ್ವೆಲ್ ಚರ್ಚಿಗೆ ಹೋಗುವವನಾದರೂ ಈ ಕಟ್ಟಳೆಯನ್ನು ಎಂದೂ ಮುರಿದವನಲ್ಲ. ಮುರಿದರೆ ಮರುದಿನದಿಂದ ಗಾಡಿ ಯಾರು ತರುತ್ತಾರೆ?

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. "ಮಿಸ್ತ್ರಿ, ನಾಳೆ ಪೂಜಾಕ ಗಾಡಿ ಚಂದ ಕಾಣಬೇಕರಿ. ಅಷ್ಟು ಬಣ್ಣಾ ಹೊಡೀರಿ" ಎಂದು ಜೈರಾಮ ಗೋಗರೆದ. ಮಾನ್ವೆಲ್‌ಗೆ ಸಾಕಾಗಿತ್ತು. ಬೇಡ ಎಂದು ವಾದ ಮಾಡುವುದಕ್ಕಿಂತ ಎರಡು ಸಲ ಬ್ರಶ್ ಆಡಿಸುವುದೇ ಸಲೀಸು. ಕಪ್ಪು ಬಣ್ಣ ಬಳಿದ. ಚುಕ್ಕೆಗಳು ಮುಚ್ಚಿಹೋದವು. "ಬರೇ ನೋಡಾಕ ಐತಿ ಇದು. ನಾಡಿದ್ದು ಬೋಲ್ಟ್ ಹಾಕೂತನಕ ಏನೂ ಎಳೀಬ್ಯಾಡ" ಎಂದ. ಜೈರಾಮ ಹೂಂ ಅಂದ. ಅವನ ಹೂಂ ಎಷ್ಟು ಗಟ್ಟಿ ಅಂತ ನಮಗೆಲ್ಲ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಜೋಯಿಡಾದ ಆಚೆ ಅಕ್ಕಿ ಚೀಲ ಹೇರಿಕೊಂಡು ಹೋಗುತ್ತಿದ್ದ ನನ್ನ ಟೆಂಪೋ ಕೆಸರಿನಲ್ಲಿ ಅಚ್ಚಿನವರೆಗೂ ಹೂತುಹೋಯಿತು. ಎಸ್‌ಟಿಡಿ ಬೂತಿನಿಂದ ಜೈರಾಮನಿಗೆ ಫೋನು ಮಾಡಿದೆ. ಅವನು ಚೆಂಡುಹೂವಿನ ಮಾಲೆ ಹಾಕಿಕೊಂಡ ಜೀಪನ್ನು ದಾರಿಯುದ್ದಕ್ಕೂ ಗುರುತಿನವರಿಗೆಲ್ಲ ತೋರಿಸುತ್ತಾ, ಚಹಾ ಕುಡಿಯುತ್ತಾ, ಮಧ್ಯಾಹ್ನಕ್ಕೆ ಬಂದು ಮುಟ್ಟಿದ. ಆ ಚಹಾ ನನ್ನ ಪುಣ್ಯ. ಅಷ್ಟರೊಳಗೆ ದಾಂಡೇಲಿಯಲ್ಲಿ ಅವನ ತಾಯಿ ಗಂಗಿಬಾಯಿ ಪ್ರಸಾದ ಕೊಡಲು ಮಾನ್ವೆಲ್ ಮನೆಗೆ ಹೋಗಿ, ಮಗ ಸಾತಪ್ಪನ ಟೆಂಪೋ ಎಳೆಯಲು ಜೋಯಿಡಾದ ಆಚೆ ಹೋಗಿದ್ದಾನೆಂದು ಹೆಮ್ಮೆಯಿಂದ ಹೇಳಿದ್ದಳಂತೆ. ಮಾನ್ವೆಲ್ ಪ್ರಸಾದವನ್ನು ಕೈಯಲ್ಲಿ ಹಿಡಿದುಕೊಂಡೇ ಪಕ್ಕದವರ ಎಂ-ಎಯ್ಟಿ ಮೊಪೆಡ್ ಏರಿದ್ದ.

ಜೈರಾಮ ಕೊಂಡಿಗೆ ತಂತಿಹಗ್ಗ ಸಿಕ್ಕಿಸಿ, ಇನ್ನೊಂದು ತುದಿಯನ್ನು ನನ್ನ ಟೆಂಪೋದ ಮುಂದೆ ಬಿಗಿದಿದ್ದ. ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ. ಹಗ್ಗದ ಎರಡೂ ಬದಿಗೆ ಊರಿನ ಹತ್ತಿಪ್ಪತ್ತು ಮಂದಿ, ಯಕ್ಷಗಾನ ನೋಡಲು ಬಂದವರಂತೆ. ಜೀಪು ಗುರ್ ಅನ್ನುತ್ತಿತ್ತು. ಮಾನ್ವೆಲ್‌ನ ಎಂ-ಎಯ್ಟಿ ಬಂದು ಹಗ್ಗಕ್ಕೆ ಅಡ್ಡವಾಗಿ ನಿಂತಿತು.

"ಬಂದ್ ಮಾಡೋ ಜೈರಾಮಾ! ಬಂದ್ ಮಾಡು!"

"ಏನಾಗೇತಿ ಮಿಸ್ತ್ರಿ? ಇಷ್ಟ ದಪ್ಪ ಕಬ್ಬಿಣ ಐತಿ!" ಎಂದು ಜೈರಾಮ ರೇಗಿದ. ಮಂದಿಯೂ ಹೌದೌದು ಅಂದರು. ಮಾನ್ವೆಲ್‌ಗೆ ವಾದ ಮಾಡುವ ತ್ರಾಣವಿರಲಿಲ್ಲ. ಹಗ್ಗ ಬಿಚ್ಚಿದ. ಅವತ್ತು ಸುತ್ತಿಗೆ ಎತ್ತುವ ಹಾಗಿಲ್ಲವಲ್ಲ, ರಸ್ತೆ ಬದಿಯ ಒಂದು ಕಲ್ಲು ತೆಗೆದುಕೊಂಡು ಕೊಂಡಿಗೆ ಬಡಿದ. ಮೂರನೆಯ ಏಟಿಗೆ ಪ್ಲೇಟು ಸಮೇತ ಕಳಚಿ ಕೆಸರಿಗೆ ಬಿತ್ತು. ಒಳಗೆ ಮುರಿದ ನಾಲ್ಕೇ ಬಿಳಿ ಚುಕ್ಕೆ, ಹೊರಗೆ ಕಪ್ಪು ಬಣ್ಣ.

"ಬಣ್ಣಾ ಹಚ್ಚಿದವ ನಾನ. ತಪ್ಪು ನಂದ" ಎಂದ, ಎಲ್ಲರಿಗೂ ಕೇಳುವಂತೆ. ಆಮೇಲೆ ನನ್ನ ಕಡೆ ತಿರುಗಿದ. "ಹಗ್ಗ ಬಿಗಿ ಆದಾಗ ಇದು ಹರಕೊಂಡಿದ್ರ ಎತ್ತ ಹಾರತಿತ್ತು, ಹೇಳು ಸಾತಪ್ಪಾ?"

ನನ್ನ ಮುಂದಿನ ಗಾಜು ನೋಡಿದೆ. ಅದರ ಹಿಂದೆ ಇದ್ದದ್ದು ನನ್ನ ಮುಖ.

ಆಮೇಲೆ ಅವನೇ ಜೀಪಿನ ಚಾಸಿಗೆ ಸರಪಳಿ ಸುತ್ತಿದ. ಮಂದಿಯನ್ನು ಮೂವತ್ತು ಮಾರು ದೂರ ಅಟ್ಟಿದ. ಹರಿದರೂ ಹಾರದಿರಲೆಂದು ಸರಪಳಿಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ. ಒಮ್ಮೆಲೇ ಜಗ್ಗದೆ, ಮೆಲ್ಲಗೆ ಎಳೆಸಿದ. ಟೆಂಪೋ ಮೇಲೆ ಬಂತು.

ಜೀವ ಉಳಿಯಿತು, ಹೆಸರು ಉಳಿಯಲಿಲ್ಲ. ಮಂದಿ ಕಂಡದ್ದೇನು? ಮಾನ್ವೆಲ್ ಹಾಕಿದ ಕೊಂಡಿ ಕಲ್ಲಿನೇಟಿಗೆ ಬಿದ್ದದ್ದು. ಜೋಯಿಡಾದಿಂದ ರಾಮನಗರದವರೆಗೆ, ಈಚೆ ಹಳಿಯಾಳದವರೆಗೆ ಅದೇ ಸುದ್ದಿ. ಆಡುವವರ ಬಾಯಿಗೆ ಬೀಗವುಂಟೆ? ಜೈರಾಮ ಬೋಲ್ಟಿನ ಮಾತನ್ನೂ ಕರೆಂಟಿನ ಮಾತನ್ನೂ ಬಿಟ್ಟು ಕಲ್ಲಿನ ಮಾತನ್ನಷ್ಟೇ ಹೇಳಿಕೊಂಡು ತಿರುಗಿದ. ಜೀಪುಗಳು ಬೇರೆ ಗ್ಯಾರೇಜಿಗೆ ತಿರುಗಿದವು. ಒಂದೂವರೆ ವರ್ಷಕ್ಕೆ ಮಾನ್ವೆಲ್ ಅಂಗಡಿ ಮುಚ್ಚಿದ.

ಜೈರಾಮನನ್ನು ಬೈಯುವ ಬಾಯಿ ನನಗಿಲ್ಲ. ಆ ದಿನ ಗಾಜಿನ ಹಿಂದೆ ಕೂತಿದ್ದವನು ನಾನು, ಆದರೂ ಒಂದು ಸಲವೂ ನಡೆದದ್ದನ್ನು ನಡೆದ ಹಾಗೆ ಯಾರಿಗೂ ಹೇಳಲಿಲ್ಲ. ಚಹಾದಂಗಡಿಯಲ್ಲಿ ಎಲ್ಲರೂ ನಕ್ಕಾಗ ನಾನೂ ನಕ್ಕೆ. ನನ್ನ ಟೆಂಪೋಕ್ಕೆ ಕೊಂಡಿ ಬೇಕಾದಾಗ ನಾನೂ ಬೇರೆ ಗ್ಯಾರೇಜಿಗೇ ಹೋದೆ. ನಾಚಿಕೆಯಾಗುತ್ತದೆ ಹೇಳಲು.

ಎರಡು ಸಾವಿರದ ನಾಲ್ಕರಲ್ಲಿ ಹಳಿಯಾಳದಲ್ಲಿ ಕಿಟಕಿ ಸರಳು ಬೆಸೆಯುವ ಒಂದು ಅಂಗಡಿಯ ಮುಂದೆ ಟೆಂಪೋ ನಿಲ್ಲಿಸಿದೆ. ಒಳಗೆ ದಿನಗೂಲಿಗೆ ಕೂತಿದ್ದವನು ಮಾನ್ವೆಲ್. ಇನ್ನಷ್ಟು ಬಡವಾಗಿದ್ದ. ಅವನ ಕಣ್ಣು ನನ್ನನ್ನು ದಾಟಿ ಟೆಂಪೋದ ಹಿಂಬದಿಗೆ ಹೋಯಿತು. ಎದ್ದು ಬಂದು, ಮೊಣಕಾಲೂರಿ, ಗಾಡಿಯ ಕೆಳಗೆ ತೂರಿದ. ಬೆರಳಿನಿಂದ ಬಣ್ಣ ಕೆರೆದ. ಬಂಪರಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು.

"ಇದಕ್ಕ ಕಟ್ಟಿ ಏನರೆ ಎಳದೀಯೇನು?"

"ಹೋದ ವಾರ ಒಂದು ಟ್ರ್ಯಾಕ್ಟರ್" ಎಂದೆ. ಅದರ ಟ್ರೇಲರಿನಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳು ಕೂತಿದ್ದರು ಅನ್ನುವ ಮಾತನ್ನು ಬಿಟ್ಟುಬಿಟ್ಟೆ.

"ಹಾಕಿದವ ನಿನಗ ಏನೂ ಹೇಳಲಿಲ್ಲೇನು?"

"ಏನೂ ಇಲ್ಲ. ಗಟ್ಟಿ ಐತಿ ಅಂದಾ."

ಮಾನ್ವೆಲ್ ಕೆಳಗಿನಿಂದ ಎದ್ದು ಬೆನ್ನು ಹಿಡಿದುಕೊಂಡು ನಿಂತ. ಸಿಟ್ಟಿರಲಿಲ್ಲ, ಬರೀ ದಣಿವು.

"ಹೂಂ" ಎಂದ. "ಅದಕ್ಕ ಅವನ ಅಂಗಡಿ ನಡದೇತಿ."