ಗಂಟೆಯ ಹಗ್ಗ

ಪಕ್ಕದಲ್ಲಿ ಯಾರಾದರೂ ಕೈ ಎತ್ತಿದರೆ ನನ್ನ ಎರಡೂ ಕೈ ತಾವಾಗಿಯೇ ತಲೆ ಮುಚ್ಚಿಕೊಳ್ಳುತ್ತವೆ. ಚಿಕ್ಕಂದಿನಲ್ಲಿ ನನ್ನನ್ನು ಸಾಕಿದ ಚಿಕ್ಕಪ್ಪನ ಕೊಡುಗೆ ಅದು. ಅವರು ಸತ್ತು ಹತ್ತು ವರ್ಷವಾದರೂ ಕೈಗಳಿಗಿನ್ನೂ ಸುದ್ದಿ ಮುಟ್ಟಿಲ್ಲ.

ಮೊನ್ನೆ ಆಫೀಸಿನ ಕೆಲಸಕ್ಕೆ ಸಾಗರದಿಂದ ಹೊಸನಗರಕ್ಕೆ ತೀರ್ಥಹಳ್ಳಿ ಬಸ್ಸಿನಲ್ಲಿ ಹೊರಟಿದ್ದೆ. ಕಂಡಕ್ಟರ್ ಗಂಟೆಯ ಹಗ್ಗ ಎಳೆಯಲು ಕೈ ಎತ್ತಿದ. ನಾನು ಮುದುಡಿಕೊಂಡೆ.

"ಎಂತ ಆಯ್ತು ಅಕ್ಕಾ?"

ಸುಳ್ಳು ಹೊಳೆಯಲಿಲ್ಲ. "ಚಿಕ್ಕೋಳಿದ್ದಾಗ ಮನೇಲಿ ತುಂಬಾ ಹೊಡೀತಿದ್ರು," ಅಂದುಬಿಟ್ಟೆ.

ಮುಂದಿನ ಸ್ಟಾಪಿನಲ್ಲಿ ಅವನು ಬಸ್ಸಿಗೆಲ್ಲ ಕೇಳುವಂತೆ ಕೂಗಿದ: "ಅಕ್ಕಾ, ಈಗ ಕೈ ಎತ್ತೀನಿ! ಗಂಟೆ ಹೊಡಿಯಕ್ಕೆ!" ಆಮೇಲೆ ಪ್ರತಿ ಸ್ಟಾಪಿನಲ್ಲೂ ಅದೇ. ಹಿಂದಿನ ಸೀಟಿನ ಅಜ್ಜ ಎದ್ದು, "ತಂಗೀ, ನಾನೂ ಎತ್ತೀನಿ, ಮೇಲಿಂದ ಚೀಲ ತೆಗಿಯಕ್ಕೆ," ಅಂದರು. ಮೈಮುರಿಯಲು ಹೊರಟವನೊಬ್ಬ ಅಪ್ಪಣೆ ಕೇಳಿದ.

"ದಮ್ಮಯ್ಯ, ಸಾಕು ಮಾರಾಯ್ರೇ!" ಅಂದೆ.

"ಹಂಗಾದ್ರೆ ನೀವೇ ಎಳೀರಿ," ಅಂತ ಕಂಡಕ್ಟರ್ ನನ್ನನ್ನು ಹಗ್ಗದ ಕೆಳಗೇ ಕೂರಿಸಿದ. "ಒಂದು ಸಲ ಎಳೆದ್ರೆ ನಿಲ್ತದೆ, ಎರಡು ಸಲಕ್ಕೆ ಹೊರಡ್ತದೆ."

ದಾರಿಯುದ್ದಕ್ಕೂ ಕೈ ಎತ್ತಿದೆ. ಯಾರೂ ತಲೆ ಮುಚ್ಚಿಕೊಳ್ಳಲಿಲ್ಲ. ಹೊಸನಗರದಲ್ಲಿ ಜನ ಇಳಿದು, ಹತ್ತಿ ಮುಗಿದ ಮೇಲೆ ಠೀವಿಯಿಂದ ಎರಡು ಸಲ ಎಳೆದೆ. ಬಸ್ಸು ತೀರ್ಥಹಳ್ಳಿ ದಾರಿ ಹಿಡಿದ ಮೇಲೆ ನೆನಪಾಯಿತು, ನಾನೂ ಅಲ್ಲೇ ಇಳಿಯಬೇಕಿತ್ತು.