ಖಾಜಾಬಿಯ ಲೈನು

ಆಗ ಸಿರುಗುಪ್ಪದ ನಮ್ಮ ಓಣಿಯಲ್ಲಿ ಇಂಗ್ಲಿಷಿನ ಒಂದಕ್ಷರ ಬಾರದವರೂ ದಿನಕ್ಕೆ ಹತ್ತು ಸಲ ‘ಲೈನ್’ ಅನ್ನುತ್ತಿದ್ದರು. ನಮ್ಮಜ್ಜಿಯಂತೂ ಆ ಒಂದು ಮಾತಿನಲ್ಲೇ ಸಂಸಾರ ನಡೆಸುತ್ತಿದ್ದಳು. ದೀಪ ಹೋದರೆ ಲೈನ್ ಹೋಯಿತು. ಬಳ್ಳಾರಿ ಬಸ್ಸು ತಡವಾದರೆ ಆ ಲೈನೇ ಹಾಗೆ. ಕುಡಿತ ಬಿಟ್ಟ ಅಳಿಯ ಲೈನಿಗೆ ಬಂದ. ಪಕ್ಕದ ಓಣಿಯ ಹುಡುಗ ನಮ್ಮತ್ತೆಯ ಮಗಳಿಗೆ ಲೈನ್ ಹೊಡೀತಾನೆ. ಇದನ್ನು ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಹೇಳುತ್ತಿದ್ದಳು. ಆದರೆ ಬೇಸಿಗೆಯಲ್ಲಿ ಕಾಲುವೆ ನೀರು ನಿಂತಿತೆಂದರೆ ಲೈನ್ ಅಂದರೆ ಒಂದೇ, ನೀರಿನ ಲೈನ್.

ನಾಲ್ಕು ದಿನಕ್ಕೊಮ್ಮೆ ಓಣಿಯ ತುದಿಯ ನಳಕ್ಕೆ ನೀರು. ಬೆಳಿಗ್ಗೆಯೇ ಕೊಡ ಇಟ್ಟು ಎಲ್ಲರೂ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಕೊಡ ಇಲ್ಲದಿದ್ದರೆ ಹಳೇ ಚಪ್ಪಲಿ, ಇಟ್ಟಿಗೆ, ಏನಾದರೂ ನಡೆಯುತ್ತಿತ್ತು. ವಸ್ತು ಅಲ್ಲಿದ್ದರೆ ಇಟ್ಟವರೇ ನಿಂತಂತೆ. ಎಂಥ ಜಗಳಗಂಟಿಯೂ ಅದನ್ನು ಮುಟ್ಟುತ್ತಿರಲಿಲ್ಲ.

ನನಗಾಗ ಒಂಬತ್ತು ವರ್ಷ, ಕುಂಟಬಿಲ್ಲೆಯ ಹುಚ್ಚು. ಒಂದು ದಿನ ನನ್ನ ಬಿಲ್ಲೆ ಚರಂಡಿಗೆ ಬಿತ್ತು. ಲೈನಿನಲ್ಲಿ ಚಪ್ಪಟೆಯಾದ ಕಡಪ ಕಲ್ಲಿನ ಚೂರೊಂದು ಕಂಡಿತು, ಎತ್ತಿಕೊಂಡೆ. ಯಾರದೆಂದು ಗೊತ್ತಿರಲಿಲ್ಲ ಅಂದರೆ ಸುಳ್ಳಾದೀತು. ಅದು ಕೌದಿ ಹೊಲಿಯುವ ಖಾಜಾಬಿಯದು. ಅವಳ ಮಗಳಿಗೆ ಹೆರಿಗೆಯಾಗಿ ಐದು ದಿನವಾಗಿತ್ತು. ಇದ್ದ ಎರಡು ಕೊಡ ಮನೆಯಲ್ಲೇ ಬೇಕಿದ್ದವು. ನೀರು ಬರುವಷ್ಟರಲ್ಲಿ ಇಟ್ಟುಬಿಡುತ್ತೇನೆ ಅಂದುಕೊಂಡೆ. ಆಟದಲ್ಲಿ ಮರೆತೇಬಿಟ್ಟೆ.

ನೀರು ಬಂದಾಗ ಖಾಜಾಬಿ ಕೊಡ ಹಿಡಿದು ಓಡಿ ಬಂದಳು. ಅವಳ ಜಾಗ ಮುಚ್ಚಿಹೋಗಿತ್ತು. ಕಲ್ಲು ಎಲ್ಲಿ ತೋರಿಸು ಅಂದರು ಹೆಂಗಸರು. ಪಾಪ, ಏನು ತೋರಿಸಿಯಾಳು? ಲೈನಿನ ಕೊನೆಗೆ ಹೋಗಿ ನಿಂತಳು. ಅವಳ ಮುಂದೆ ಇನ್ನೂ ಮೂವರಿರುವಾಗಲೇ ನಳ ಬುಸ್ಸೆಂದು ನಿಂತಿತು. ಕಲ್ಲು ನನ್ನ ಲಂಗದ ಮಡಿಲಲ್ಲೇ ಇತ್ತು. ಹೇಳಲು ಧೈರ್ಯ ಸಾಲಲಿಲ್ಲ.

ಮಧ್ಯಾಹ್ನ ಅವರ ಮನೆಯಿಂದ ಬಾಣಂತಿಗೆ ಮೆಂತ್ಯ ಹುರಿಯುವ ವಾಸನೆ ಬಂತು, ಕೂಸು ಅಳುವುದೂ ಕೇಳಿಸಿತು. ಊಟ ಬಿಟ್ಟು ಎದ್ದೆ. ಅಜ್ಜಿಗೆ ಎಲ್ಲ ಹೇಳಿ ಅತ್ತುಬಿಟ್ಟೆ. ಬೆನ್ನ ಮೇಲೆ ಬೀಳುತ್ತದೆ ಅಂದುಕೊಂಡಿದ್ದೆ. ಅವಳು ನಮ್ಮ ತುಂಬಿದ ಕೊಡವನ್ನೇ ತಂದು ನನ್ನ ಸೊಂಟಕ್ಕಿಟ್ಟಳು.

“ಹಸಿ ಬಾಣಂತಿ ನೀರು ಕಸ್ಕೊಂಡಿ ನೀನು. ನೀನ ಒಯ್ದು ಕೊಡು. ಏನ್ ಮಾಡಿದ್ಯೋ ಅದನ್ನ ಬಾಯಿಬಿಟ್ಟು ಹೇಳಿ ಬಾ.”

ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡು ಹೋಗಿ, ತೊದಲುತ್ತಾ ಹೇಳಿದೆ. ಖಾಜಾಬಿ ಎಲ್ಲ ಕೇಳಿಸಿಕೊಂಡು ಕೊಡ ಇಳಿಸಿಕೊಂಡಳು. ಆಮೇಲೆ ನನ್ನ ಒದ್ದೆ ಲಂಗದ ಅಂಚು ಹಿಂಡುತ್ತಾ ಅಂದಳು:

“ಇನ್ನ ಮ್ಯಾಲೆ ನಾ ಕಲ್ಲು ಇಡಂಗಿಲ್ಲವ್ವ. ನನ್ನ ಲೈನಿಗೆ ನೀನ ನಿಂದ್ರಬೇಕು.”

ಆ ಬೇಸಿಗೆ ಪೂರ್ತಿ ನಿಂತೆ. ಅವಳ ಕೊಡ ತುಂಬಿದ ಮೇಲೆ ಕೂಸಿನ ಸ್ನಾನಕ್ಕೂ ನನ್ನನ್ನೇ ಕರೆಯುತ್ತಿದ್ದಳು. ಅವಳ ಚಾಚಿದ ಕಾಲ ಮೇಲೆ ಮಲಗಿದ ಕೂಸಿಗೆ ಬೆಚ್ಚನೆ ನೀರು ಹೊಯ್ಯುವಾಗ ನನಗಾಗುತ್ತಿದ್ದ ಹಿಗ್ಗು ಅಷ್ಟಿಷ್ಟಲ್ಲ.

ಈಗ ಎಷ್ಟೋ ವರ್ಷದಿಂದ ಬಳ್ಳಾರಿಯ ಪಾರ್ವತಿನಗರದಲ್ಲಿದ್ದೇನೆ. ನೀರು ಮನೆಯೊಳಗೇ ಬರುತ್ತದೆ, ಯಾರ ಹಿಂದೆಯೂ ನಿಲ್ಲಬೇಕಿಲ್ಲ. ಸುಳ್ಳೇಕೆ ಹೇಳಲಿ, ಸುಖವೇ. ಮೊನ್ನೆ ಪಕ್ಕದ ಮನೆಯ ಬಾಗಿಲಲ್ಲಿ ಆಗತಾನೇ ನಡೆಯಲು ಕಲಿತ ಮಗುವೊಂದು ನಿಂತಿತ್ತು. ಯಾರ ಕೂಸು, ನೆಂಟರು ಬಂದಿದ್ದಾರಾ ಎಂದು ಆ ಮನೆಯಾಕೆಯನ್ನು ಕೇಳಿದೆ.

“ನಮ್ಮದ ರೀ,” ಅಂದಳು. “ಇಲ್ಲೇ ಹುಟ್ಟೇತಿ.”